ನರಹುಲಿಗೆ ಲೈಡನ್‌ನ ಪರೀಕ್ಷೆ

ನರಹುಲಿ ಎದ್ದರೆ ನಮ್ಮಲ್ಲಿ ಸುಣ್ಣ ಹಚ್ಚುವವರುಂಟು, ಕುದುರೆ ಬಾಲದ ಕೂದಲು ಬಿಗಿಯುವವರೂ ಉಂಟು. ಎಚ್‌ಪಿವಿ (ಹ್ಯೂಮನ್ ಪ್ಯಾಪಿಲೋಮಾ) ವೈರಸ್ಸಿನಿಂದ ಹುಟ್ಟುವ ಈ ಗಂಟು ಕ್ಯಾನ್ಸರ್ ಅಲ್ಲ.

ನೆದರ್‌ಲೆಂಡ್ಸ್‌ನ ಲೈಡನ್ ವಿಶ್ವವಿದ್ಯಾಲಯ ವೈದ್ಯಕೀಯ ಕೇಂದ್ರದ ಸಂಶೋಧಕರು 30 ಕುಟುಂಬ ವೈದ್ಯರ ಚಿಕಿತ್ಸಾಲಯಗಳಿಗೆ ನರಹುಲಿಗಾಗಿ ಬಂದ 250 ಮಂದಿಯನ್ನು ಮೂರು ಗುಂಪಾಗಿಸಿದರು. ಒಂದಕ್ಕೆ ಎರಡು ವಾರಕ್ಕೊಮ್ಮೆ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆ, ಇನ್ನೊಂದಕ್ಕೆ ದಿನವೂ ಸ್ಯಾಲಿಸಿಲಿಕ್ ಆಮ್ಲ, ಮೂರನೆಯದಕ್ಕೆ ಬರೀ ಕಾಯುವಿಕೆ. 2010ರಲ್ಲಿ ಫಲಿತಾಂಶ ಪ್ರಕಟವಾಯಿತು: ಸಾಮಾನ್ಯ ನರಹುಲಿ 13 ವಾರಗಳಲ್ಲಿ ವಾಸಿಯಾದದ್ದು ಕ್ರಮವಾಗಿ ಶೇ 49, 15 ಮತ್ತು 8 ಮಂದಿಗೆ.

ಅಂಗಾಲಿನದ್ದು ಹಠಮಾರಿ. ಅಲ್ಲಿ ಮೂರೂ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸವೇ ಕಾಣಲಿಲ್ಲ. ನೋವಿಲ್ಲದಿದ್ದರೆ ಚಿಕಿತ್ಸೆಯ ಗೋಜೇಕೆ? ಆದರೆ ಬಣ್ಣ ಬದಲಿಸುವ, ರಕ್ತ ಒಸರುವ, ಬೇಗ ಬೆಳೆಯುವ ಗಂಟನ್ನು ಮೊದಲು ವೈದ್ಯರೇ ನೋಡಬೇಕು.