ಪೈರಿನ ಒಳದೂತರು

ದಾವಣಗೆರೆ-ಹರಿಹರ ಸೀಮೆಯಲ್ಲಿ ಭದ್ರಾ ನಾಲೆಯ ನೀರುಂಡು ಬೆಳೆಯುವ ಬತ್ತದ ಗದ್ದೆಗಳನ್ನು ಬಲ್ಲವರಿಗೆ ಬೆಂಕಿ ರೋಗ ಹೊಸದಲ್ಲ. ಎಲೆಯ ಮೇಲೆ ಕದಿರಿನಾಕಾರದ, ನಡುವೆ ಬೂದಿಬಣ್ಣದ ಮಚ್ಚೆಗಳು ಮೂಡುತ್ತವೆ. ಹೆಚ್ಚಿದರೆ ಗದ್ದೆಯೇ ಸುಟ್ಟಂತೆ ಕಾಣುವುದರಿಂದ ಹೆಸರು ಅನ್ವರ್ಥಕವಾಗಿದೆ. ತೆನೆಯ ಕುತ್ತಿಗೆಗೆ ತಗುಲಿದರೆ ಕಾಳು ಜೊಳ್ಳು. ಇದು ಶಿಲೀಂಧ್ರವೊಂದರ ಕೃತ್ಯ. ಓಡಲು ಕಾಲಿಲ್ಲದ ಪೈರು ಈ ವೈರಿಯನ್ನು ಎದುರಿಸುವ ಬಗೆಯೆಂತು?

ಶಿಲೀಂಧ್ರದ ಕೋಶಭಿತ್ತಿಯಲ್ಲಿ ಕೈಟಿನ್ ಎಂಬ ವಸ್ತುವುಂಟು. ಏಡಿಯ ಚಿಪ್ಪಿನಲ್ಲಿರುವುದೂ ಅದೇ. ಅದರ ಚೂರುಗಳು ಸೋಕಿದೊಡನೆ ಬತ್ತದ ಜೀವಕೋಶವು ಪರಕೀಯನ ಬರವನ್ನು ಅರಿಯುತ್ತದೆ. ರೋಗನಿರೋಧಕ ತಳಿಗಳಲ್ಲಿ ಸೋಂಕಿದ ಕೋಶಗಳು ತಾವೇ ಸತ್ತು ವೈರಿಯನ್ನು ಅಲ್ಲಿಯೇ ಕಟ್ಟಿಹಾಕುತ್ತವೆ. ಊರಿಗೆ ಕಿಚ್ಚು ಬಿದ್ದಾಗ ನಡುವಣ ಗುಡಿಸಲನ್ನು ಕಿತ್ತು ಉಳಿದವನ್ನು ಕಾಯುವಂತೆ ಇದು. ಜೊತೆಗೆ ಎಲೆಯು ಮೊಮಿಲ್ಯಾಕ್ಟೋನ್ ಎಂಬ ಶಿಲೀಂಧ್ರನಾಶಕವನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಈ ಕಾರ್ಯಗಳನ್ನು ಪ್ರೇರಿಸುವ ದೂತರಲ್ಲಿ ಸ್ಯಾಲಿಸಿಲಿಕ್ ಆಮ್ಲ, ಜಾಸ್ಮೋನಿಕ್ ಆಮ್ಲಗಳು ಮುಖ್ಯವಾದುವು. (ಎರಡನೆಯದು ಮಲ್ಲಿಗೆಯ ಹೆಸರು ಹೊತ್ತಿರುವುದು ನನ್ನಂಥ ಭಾಷಾಭ್ಯಾಸಿಗೆ ಸಂತೋಷ.) ಮೊದಲನೆಯದು ತಲೆನೋವಿಗೆ ನುಂಗುವ ಆಸ್ಪಿರಿನ್ನಿನ ಬಂಧು. ೧೯೭೯ರಲ್ಲಿ ಇಂಗ್ಲೆಂಡಿನ ಆರ್. ಎಫ್. ವೈಟ್ ಅವರು ಹೊಗೆಸೊಪ್ಪಿನ ಎಲೆಗೆ ಆಸ್ಪಿರಿನ್ ಚುಚ್ಚಿ, ಮೊಸಾಯಿಕ್ ವೈರಾಣುವಿನ ಮಚ್ಚೆಗಳು ಕಡಿಮೆಯಾದುದನ್ನು ತೋರಿಸಿದರು. ಜಪಾನಿನ ಬತ್ತದ ಬೆಳೆಗಾರರು ೧೯೭೦ರ ದಶಕದಿಂದ ಬಳಸುತ್ತ ಬಂದಿರುವ ಪ್ರೊಬೆನಜೋಲ್ ಸಹ ಶಿಲೀಂಧ್ರವನ್ನು ನೇರವಾಗಿ ಕೊಲ್ಲುವ ಬದಲು ಪೈರಿನ ಕಾವಲನ್ನೇ ಎಚ್ಚರಿಸುವಂಥದು.

ಆದರೆ ಕಾವಲುಗಾರನನ್ನು ನಾವೇ ಸೋಲಿಸಬಾರದಷ್ಟೆ. ಯೂರಿಯಾ ಮಿತಿಮೀರಿದ ಗದ್ದೆ ಸೊಂಪಾಗಿ ಕಂಡರೂ ಬೆಂಕಿ ರೋಗಕ್ಕೆ ಬೇಗ ತುತ್ತಾಗುತ್ತದೆ. ಅದಕ್ಕೆ ಪ್ರತಿಯಾಗಿ, ಬೇರು ಹೀರುವ ಸಿಲಿಕಾ ಎಲೆಯನ್ನು ಗಟ್ಟಿಗೊಳಿಸಿ ರೋಗವನ್ನು ತಗ್ಗಿಸುತ್ತದೆ. ಅಕ್ಕಿ ಗಿರಣಿಗಳಲ್ಲಿ ಉಳಿಯುವ ಹೊಟ್ಟಿನ ಬೂದಿಯ ಬಹುಪಾಲು ಸಿಲಿಕಾವೇ.