ಬಿತ್ತಿದವರು ಒಬ್ಬರು, ಕೊಯ್ದವರು ಹಲವರು
(ಕಾರ್ಮೆಲ್ ಮಾತೆಯ ಹಬ್ಬದ ಪ್ರಬೋಧನೆ: ಮದರ್ ವೆರೋನಿಕಾರವರ ಬದುಕು)



ಜುಲೈ 16ರಂದು ಧರ್ಮಸಭೆ ಕಾರ್ಮೆಲ್ ಮಾತೆಯ ಹಬ್ಬವನ್ನು ಆಚರಿಸುತ್ತದೆ. ಈ ಹಬ್ಬದಲ್ಲಿ ನಾವು ನೆನೆಯುವ ಪ್ರಸಂಗ ಎಲೀಯ ಪ್ರವಾದಿಯದು (1 ಅರಸರು 18). ನಾಡಿನಲ್ಲಿ ವರ್ಷಗಟ್ಟಲೆ ಮಳೆ ಇಲ್ಲ. ಪ್ರವಾದಿಯು ಕಾರ್ಮೆಲ್ ಬೆಟ್ಟದ ತುದಿಯಲ್ಲಿ ನೆಲಕ್ಕೆ ಬಾಗಿ ಕುಳಿತು, ಸಮುದ್ರದ ಕಡೆ ನೋಡಿ ಬರಲು ಸೇವಕನನ್ನು ಕಳುಹಿಸುತ್ತಾನೆ. ಆರು ಸಲ ಏನೂ ಕಾಣುವುದಿಲ್ಲ. ಏಳನೆಯ ಸಲ ಅಂಗೈಯಷ್ಟು ಚಿಕ್ಕ ಮೋಡವೊಂದು ಕಾಣುತ್ತದೆ. ಅಷ್ಟರಲ್ಲೇ ಪ್ರವಾದಿಗೆ ಮಳೆಯ ಭರವಸೆ ಸಿಕ್ಕಿತು. ಕಾರ್ಮೆಲ್ ಸಂಪ್ರದಾಯವು ಆ ಚಿಕ್ಕ ಮೋಡದಲ್ಲಿ ಮಾತೆ ಮರಿಯಮ್ಮನವರ ಸಂಕೇತವನ್ನು ಕಂಡಿದೆ.

ನಮ್ಮ ಕರಾವಳಿಯಲ್ಲಿ ಈ ಹಬ್ಬ ಬರುವುದು ಜಡಿಮಳೆಯ ದಿನಗಳಲ್ಲಿ. ಮಳೆ ಸುರಿಯತೊಡಗಿದ ಮೇಲೆ ಅದನ್ನು ತಂದ ಮೊದಲ ಮೋಡವನ್ನು ಯಾರೂ ನೆನೆಯುವುದಿಲ್ಲ. ಅಪೊಸ್ತೊಲಿಕ್ ಕಾರ್ಮೆಲ್ ಸಭೆಯ ಸ್ಥಾಪಕಿ ಮದರ್ ವೆರೋನಿಕಾರವರು ಅಂಥ ಒಂದು ಮೊದಲ ಮೋಡ. ಈ ಸಭೆಯ ಶಾಲೆಗಳಲ್ಲಿ ಕಲಿತವರು ನಮ್ಮ ಎಷ್ಟೋ ಮನೆಗಳಲ್ಲಿದ್ದಾರೆ. ಆದರೆ ಅದನ್ನು ಸ್ಥಾಪಿಸಿದವರ ಬದುಕನ್ನು ಬಲ್ಲವರು ಕಡಿಮೆ.

ಅವರ ಮೊದಲ ಹೆಸರು ಸೋಫಿ ಲೀವ್ಸ್. 1823ರ ಅಕ್ಟೋಬರ್ 1ರಂದು ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ ಜನಿಸಿದರು. ತಂದೆ ಆಂಗ್ಲಿಕನ್ ಸಭೆಯ ಗುರುಗಳು. ಬೈಬಲ್ ಸೊಸೈಟಿಯ ಪರವಾಗಿ ಗ್ರೀಕ್ ಜನರ ನಡುವೆ ಪವಿತ್ರ ಗ್ರಂಥದ ಸೇವೆಯಲ್ಲಿ ತೊಡಗಿದ್ದವರು. ದೇವರ ವಾಕ್ಯವನ್ನು ಪ್ರೀತಿಸಲು ಸೋಫಿ ಕಲಿತದ್ದು ಆ ಮನೆಯಲ್ಲೇ. ಪರಮಪ್ರಸಾದದಲ್ಲಿ ಯೇಸುಸ್ವಾಮಿ ನಿಜವಾಗಿ ಇದ್ದಾರೆ ಎಂಬ ನಂಬಿಕೆಯೆಡೆಗೆ ಅವರ ಮನಸ್ಸು ನಿಧಾನವಾಗಿ ಒಲಿಯಿತು. 1850ರ ಫೆಬ್ರವರಿ 2ರಂದು ಮಾಲ್ಟಾ ದ್ವೀಪದಲ್ಲಿ ಅವರು ಕಥೋಲಿಕ ಧರ್ಮಸಭೆಯನ್ನು ಸೇರಿದರು. ಗುರುಗಳ ಮನೆಯ ಮಗಳು ಹೀಗೆ ಬೇರೆ ದಾರಿ ಹಿಡಿಯುವುದು ಆ ಕಾಲದಲ್ಲಿ ಎಷ್ಟು ಕಷ್ಟವಾಗಿತ್ತು ಎಂಬುದನ್ನು ನಾವು ಊಹಿಸಬಹುದು.

ಮರುವರ್ಷ ಅವರು, ಸಂತ ಎಮಿಲಿ ದೆ ವಿಯಾಲಾರ್ ಸ್ಥಾಪಿಸಿದ್ದ ಸಂತ ಜೋಸೆಫರ ಭಗಿನಿಯರ ಸಭೆಯನ್ನು ಸೇರಿ ವೆರೋನಿಕಾ ಎಂಬ ಹೆಸರು ಪಡೆದರು. ಆ ಸಭೆಯೇ ಅವರನ್ನು 1862ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ಕ್ಯಾಲಿಕಟ್‌ಗೆ ಕಳುಹಿಸಿತು. ಅಲ್ಲಿ ಅವರು ಹೆಣ್ಣುಮಕ್ಕಳ ಶಿಕ್ಷಣದ ಸೇವೆಯಲ್ಲಿ ತೊಡಗಿದರು. ಆಗ ಈ ಕರಾವಳಿಯಲ್ಲಿ ಸೇವೆ ಸಲ್ಲಿಸುತ್ತಿದ್ದ ಕಾರ್ಮೆಲ್ ಸಭೆಯ ಗುರು ಮರಿ ಎಫ್ರೆಮ್‌ರವರಿಗೆ ಒಂದು ಹಂಬಲವಿತ್ತು: ಕಾರ್ಮೆಲ್ ಮಠದ ಪ್ರಾರ್ಥನೆಯನ್ನು ಬಿಡದೆಯೇ ಮಠದಿಂದ ಹೊರಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸುವ ಭಗಿನಿಯರು ಇಲ್ಲಿಗೆ ಬೇಕು ಎಂದು. 'ಅಪೊಸ್ತೊಲಿಕ್ ಕಾರ್ಮೆಲ್' ಎಂಬ ಹೆಸರಿನ ಅರ್ಥವೂ ಇದೇ. ಕಾರ್ಮೆಲ್ ಎಂದರೆ ದೇವರ ಮುಂದೆ ಮೌನವಾಗಿ ನಿಲ್ಲುವುದು. ಅಪೊಸ್ತೊಲಿಕ್ ಎಂದರೆ ಅಲ್ಲಿಂದ ಪ್ರೇಷಿತರಂತೆ ಜನರ ಬಳಿಗೆ ಹೋಗುವುದು. ಇವೆರಡರಲ್ಲಿ ಒಂದನ್ನು ಬಿಟ್ಟರೆ ಇನ್ನೊಂದು ಬಡವಾಗುತ್ತದೆ.

ಕಾರ್ಮೆಲ್‌ನ ಕರೆ ವೆರೋನಿಕಾರವರ ಮನಸ್ಸಿನಲ್ಲೂ ಇತ್ತು. ಆದರೆ ಅದಕ್ಕೆ ಓಗೊಡಲು ತಾವು ಪ್ರೀತಿಸಿದ ಸಭೆಯನ್ನು ಬಿಡಬೇಕಿತ್ತು. ಅವರು ಬಿಟ್ಟರು. ಫ್ರಾನ್ಸ್ ದೇಶದ ಪೌ ಪಟ್ಟಣದ ಕಾರ್ಮೆಲ್ ಮಠದಲ್ಲಿ ತರಬೇತಿ ಪಡೆದು, 1868ರ ಜುಲೈ 16ರಂದು, ಕಾರ್ಮೆಲ್ ಮಾತೆಯ ಹಬ್ಬದ ದಿನವೇ, ಬಯೋನ್ ಪಟ್ಟಣದಲ್ಲಿ ಹೊಸ ಸಭೆಗೆ ಅಡಿಗಲ್ಲು ಹಾಕಿದರು.

ಮರಿ ಎಫ್ರೆಮ್‌ರವರು ಅಷ್ಟರಲ್ಲಿ ಧರ್ಮಾಧ್ಯಕ್ಷರಾಗಿ, 1870ರಲ್ಲಿ ಮಂಗಳೂರಿನ ಹೊಣೆ ಹೊತ್ತರು. ಅದೇ ವರ್ಷ ಪೌ ಮಠದಿಂದ ಮಂಗಳೂರಿಗೆ ಹೊರಟಿದ್ದ ಕಾರ್ಮೆಲ್ ಸಂನ್ಯಾಸಿನಿಯರಲ್ಲಿ ಮೂವರು ಪ್ರಯಾಣದ ಬವಣೆಯಿಂದ ತೀರಿಕೊಂಡರು. ಈ ಸುದ್ದಿ ಫ್ರಾನ್ಸ್ ತಲುಪಿದ ಮೇಲೂ ಹೊರಡುವವರು ಹಿಂಜರಿಯಲಿಲ್ಲ. 1870ರ ನವೆಂಬರ್ 19ರಂದು ಮದರ್ ಮರಿ ದೆಸ್ ಆಂಜ್‌ರವರ ನೇತೃತ್ವದಲ್ಲಿ ಅಪೊಸ್ತೊಲಿಕ್ ಕಾರ್ಮೆಲ್‌ನ ಮೊದಲ ಮೂವರು ಭಗಿನಿಯರು ಮಂಗಳೂರಿಗೆ ಬಂದಿಳಿದರು.

ಆ ಮೂವರಲ್ಲಿ ಸ್ಥಾಪಕಿ ಇರಲಿಲ್ಲ! ಮುಂದಿನವರನ್ನು ಸಿದ್ಧಗೊಳಿಸಲು ಅವರು ಬಯೋನ್‌ನಲ್ಲೇ ಉಳಿದರು. ಆದರೆ ಆ ಮನೆ ಹೆಚ್ಚು ಕಾಲ ಬಾಳಲಿಲ್ಲ. 1873ರಲ್ಲಿ ಧರ್ಮಾಧ್ಯಕ್ಷ ಮರಿ ಎಫ್ರೆಮ್‌ರವರೂ ಮಂಗಳೂರಿನಲ್ಲಿ ದೈವಾಧೀನರಾದರು. ಬಯೋನ್‌ನ ಮನೆ ಮುಚ್ಚಿತು. ಸಭೆಯನ್ನು ಹುಟ್ಟುಹಾಕಿದವರು ಪೌ ಮಠಕ್ಕೆ ಮರಳಿ ಸಾಧಾರಣ ಕಾರ್ಮೆಲ್ ಸಂನ್ಯಾಸಿನಿಯಾಗಿ ಬದುಕಿದರು. ಕೆಲವು ವರ್ಷ ಬೆತ್ಲೆಹೇಮಿನ ಕಾರ್ಮೆಲ್‌ನಲ್ಲೂ ಇದ್ದರು. ಅವರು ಮತ್ತೆ ಭಾರತಕ್ಕೆ ಬರಲೇ ಇಲ್ಲ. 1906ರ ನವೆಂಬರ್ 16ರಂದು, 83ನೆಯ ವಯಸ್ಸಿನಲ್ಲಿ, ಪೌನಲ್ಲಿ ಕಣ್ಣುಮುಚ್ಚಿದರು.

ಲೋಕದ ಲೆಕ್ಕದಲ್ಲಿ ಇದು ಸೋಲು. ಸ್ಥಾಪಿಸಿದ ಮನೆ ಉಳಿಯಲಿಲ್ಲ, ಸ್ಥಾಪಿಸಿದ ಸಭೆ ಕಣ್ಣಿಗೆ ಕಾಣದಷ್ಟು ದೂರವಾಯಿತು. ಆದರೆ ದೇವರ ಲೆಕ್ಕವೇ ಬೇರೆ. ಮಂಗಳೂರಿನ ಸಂತ ಆನ್ನರ ಮಠದಲ್ಲಿ ಬೇರೂರಿದ ಆ ಸಸಿ ಬೆಳೆಯಿತು. 1921ರಲ್ಲಿ ಮದರ್ ಅಲೋಶಿಯಾರವರ ಮುಂದಾಳತ್ವದಲ್ಲಿ ಸಂತ ಆಗ್ನೆಸ್ ಕಾಲೇಜು ಆರಂಭವಾಯಿತು. ಹೆಣ್ಣುಮಕ್ಕಳನ್ನು ಪದವಿಗೆ ಕಳುಹಿಸುವುದು ಅಪರೂಪವಾಗಿದ್ದ ಆ ಕಾಲದಲ್ಲಿ ಅದು ಕರಾವಳಿಯ ಕುಟುಂಬಗಳಿಗೆ ಹೊಸ ಬಾಗಿಲು ತೆರೆಯಿತು. 1948ರಲ್ಲಿ ಬೆಂಗಳೂರಿನಲ್ಲಿ ಮೌಂಟ್ ಕಾರ್ಮೆಲ್ ಕಾಲೇಜು ಬಂತು. ಶ್ರೀಲಂಕಾ, ಕುವೈತ್‌ನಂಥ ದೇಶಗಳಿಗೂ ಈ ಭಗಿನಿಯರ ಸೇವೆ ಹಬ್ಬಿತು. 2014ರ ಜುಲೈಯಲ್ಲಿ ಜಗದ್ಗುರು ಫ್ರಾನ್ಸಿಸ್‌ರವರು ಮದರ್ ವೆರೋನಿಕಾರವರ ಸದ್ಗುಣಗಳನ್ನು ಅಂಗೀಕರಿಸಿದರು. ಅಂದಿನಿಂದ ಅವರು 'ವಂದನೀಯ' ಎಂದು ಕರೆಯಲ್ಪಡುತ್ತಾರೆ.

ಪ್ರಿಯರೇ, ಬಿತ್ತುವವನು ಒಬ್ಬ, ಕೊಯ್ಯುವವನು ಇನ್ನೊಬ್ಬ ಎಂಬ ಸತ್ಯವನ್ನು ಯೇಸುಸ್ವಾಮಿ ಸಮಾರಿಯದ ಬಾವಿಯ ಬಳಿ ಶಿಷ್ಯರಿಗೆ ಕಲಿಸಿದರು (ಯೊವಾನ್ನ 4). ಇದನ್ನು ಒಪ್ಪಿಕೊಳ್ಳುವುದು ನಮಗೆ ಕಷ್ಟ. ಧರ್ಮಕೇಂದ್ರದಲ್ಲಿ ನಾವು ಆರಂಭಿಸಿದ ಸಂಘ ಬೇರೆಯವರ ಕೈಗೆ ಹೋದರೆ ಮುನಿಸಿಕೊಳ್ಳುತ್ತೇವೆ. ಕೊಟ್ಟ ದಾನಕ್ಕೆ ಗೋಡೆಯ ಮೇಲೆ ಹೆಸರು ಹುಡುಕುತ್ತೇವೆ. ಬೆಳೆಸಿದ ಮಕ್ಕಳು ನಾವು ಎಣಿಸಿದ ದಾರಿ ಹಿಡಿಯದಿದ್ದರೆ ಪ್ರಾರ್ಥಿಸುವುದನ್ನೇ ಬಿಡುತ್ತೇವೆ. ಮದರ್ ವೆರೋನಿಕಾರವರು ತಮ್ಮ ಕೆಲಸವನ್ನು ಬೇರೆಯವರ ಕೈಗೆ ಒಪ್ಪಿಸಿದರು. ಕಾರ್ಮೆಲ್ ಮಠದ ಮೌನದಲ್ಲಿ ಅವರಿಗೆ ಉಳಿದದ್ದು ಪ್ರಾರ್ಥನೆ ಮಾತ್ರ. ಅದು ಸಣ್ಣದಲ್ಲ ಎಂದು ನಂಬುವುದೇ ಕಾರ್ಮೆಲ್‌ನ ವಿಶ್ವಾಸ.

ಈ ಹಬ್ಬದಂದು ಪ್ರತಿಯೊಬ್ಬರೂ ಒಂದು ಕೆಲಸ ಮಾಡೋಣ. ನಮಗೆ ಅಕ್ಷರ ಕಲಿಸಿದ, ಜಪ ಹೇಳಿಕೊಟ್ಟ ಒಬ್ಬ ಭಗಿನಿಯನ್ನು ಅಥವಾ ಶಿಕ್ಷಕಿಯನ್ನು ಹೆಸರು ಹಿಡಿದು ನೆನೆದು ಬಲಿಪೂಜೆಯಲ್ಲಿ ಅವರಿಗಾಗಿ ಪ್ರಾರ್ಥಿಸೋಣ. ನಾವು ಇಂದು ಬಿತ್ತುತ್ತಿರುವುದರ ಫಸಲನ್ನು ಯಾರೇ ಕೊಯ್ಯಲಿ, ಸಂತೋಷದಿಂದ ಬಿತ್ತುವ ಕೃಪೆಯನ್ನು ಕಾರ್ಮೆಲ್ ಮಾತೆಯ ಮೂಲಕ ಬೇಡಿಕೊಳ್ಳೋಣ. ಆಮೆನ್.