ನಿಮಗಿದು ಗೊತ್ತೆ? ವಂಶಾವಳಿಯಲ್ಲಿ ಬಿಟ್ಟುಹೋದ ರಾಜರು

ಹಳೇಬೀಡು, ಬೇಲೂರಿನ ಹೊಯ್ಸಳ ಶಾಸನಗಳ ವಂಶಾವಳಿಗೆ ಒಂದು ಸಿದ್ಧ ಅಚ್ಚಿದೆ: ಬ್ರಹ್ಮ, ಅತ್ರಿ, ಚಂದ್ರ, ಯದು, ಆಮೇಲೆ ಹುಲಿ ಕೊಂದ ಸಳ. ಅಲ್ಲಿಂದ ನೇರ ವಿನಯಾದಿತ್ಯನಿಗೆ ಜಿಗಿತ. ನಡುವೆ ಆಳಿದ ಅವನ ತಂದೆ ನೃಪಕಾಮನ ಹೆಸರು ಬಹುತೇಕ ಶಾಸನಗಳಲ್ಲಿ ಕಾಣುವುದೇ ಇಲ್ಲ!

ಬೈಬಲ್‌ನ ಮತ್ತಾಯನ ಸುವಾರ್ತೆಯೂ ವಂಶಾವಳಿಯಿಂದಲೇ ಶುರುವಾಗುತ್ತದೆ. ಅಬ್ರಹಾಮನಿಂದ ಯೇಸುವಿನವರೆಗೆ 14 ತಲೆಮಾರುಗಳ ಮೂರು ಕಂತು. ಈ ಲೆಕ್ಕ ಕೂಡಿಬಂದದ್ದು ಹೇಗೆ? ಯೋರಾಮ ಮತ್ತು ಉಜ್ಜೀಯರ ನಡುವಿನ ಅಹಜ್ಯ, ಯೋವಾಷ, ಅಮಚ್ಯ ಎಂಬ ಮೂವರು ರಾಜರನ್ನು ಬಿಟ್ಟದ್ದೂ ಇದಕ್ಕೊಂದು ಕಾರಣ. ಹಳೆ ಒಡಂಬಡಿಕೆಯಲ್ಲಿ ಅವರ ಆಳ್ವಿಕೆಯ ವಿವರ ಸವಿಸ್ತಾರವಾಗಿದೆ. 14 ಎಂಬ ಅಂಕಿಯೇ ಏಕೆ? ಹೀಬ್ರೂ ಅಕ್ಷರಗಳಿಗೆ ಅಂಕಿಯ ಬೆಲೆಯುಂಟು. ಇದೇ ವಂಶಾವಳಿಯ ರಾಜ ದಾವೀದನ ಹೆಸರಿನ ಅಕ್ಷರಗಳ ಬೆಲೆ ಕೂಡಿಸಿದರೆ 14. ಮತ್ತಾಯನ ಲೆಕ್ಕಕ್ಕೆ ಅದೇ ಕಾರಣವೆಂದು ಹಲವು ವಿದ್ವಾಂಸರ ಊಹೆ.

ಹಾಗೆಂದು ಎರಡನ್ನೂ ಬರೀ ಕಟ್ಟುಕತೆ ಎಂದು ತಳ್ಳುವುದು ಆತುರವಾದೀತು. ಆ ಮತ್ತಾಯನೇ ಹೆಸರಿಸುವ ರೋಮನ್ ಅಧಿಪತಿ ಪಿಲಾತನಿಗೆ ಶಿಲಾಸಾಕ್ಷ್ಯವಿದೆ: ಅವನ ಹೆಸರು ಕೆತ್ತಿದ ಕಲ್ಲು 1961ರಲ್ಲಿ ಕೈಸರೈಯದಲ್ಲಿ ಸಿಕ್ಕಿತು.

ಹಳೇಬೀಡಿನಲ್ಲಿ ಕಲ್ಲಿಗೇನು ಬರ! ಹೊಯ್ಸಳೇಶ್ವರ ಗುಡಿಯ ಬಳಿಯ ಗರುಡಗಂಬವನ್ನೇ ನೋಡಿ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳ ಸತ್ತಾಗ ಅವನ ಅಂಗರಕ್ಷಕ ಕುವರಲಕ್ಷ್ಮ, ಲಕ್ಷ್ಮನ ಹೆಂಡತಿ ಸುಗ್ಗಲದೇವಿ ಮತ್ತು ಸಂಗಡಿಗರು ಪ್ರಾಣ ಬಿಟ್ಟದ್ದನ್ನು ಅದರ ಶಾಸನ ಹೇಳುತ್ತದೆ. ಮಾತು ಕಾವ್ಯದ ಧಾಟಿಯದು, ಹೊಗಳಿಕೆ ಧಾರಾಳ. ಕಂಬದ ಮೇಲಿನ ಉಬ್ಬುಶಿಲ್ಪದಲ್ಲಿ ಮಾತ್ರ ಅಲಂಕಾರವಿಲ್ಲ: ಕತ್ತಿ ಹಿಡಿದು ತಲೆ ಕಡಿದುಕೊಳ್ಳುತ್ತಿರುವ ವೀರರು.